ಹಡಗಿನ ಕತೆಯ ಹಿಂದಿದ್ದ ಮನೆ

ಸುಮಾತ್ರಾ ದ್ವೀಪದ ಪಡುವಣ ಭಾಗದಲ್ಲಿ ಮಿನಾಂಗ್‌ಕಬಾವ್ ಎಂಬ ಜನರಿದ್ದಾರೆ. ಅವರ ಹಳೆಯ ಐತಿಹ್ಯಗಳಿಗೆ ತಂಬೊ ಎಂದು ಹೆಸರು. ಅವರು ಹೇಳಿಕೊಂಡು ಬಂದ ಒಂದು ಕತೆ ಹೀಗಿದೆ. ಹಿರಿಯನೊಬ್ಬನ ಹಡಗು ಮರಳಿನಲ್ಲಿ ಹೂತು ಕದಲದೆ ನಿಂತಿತು. ಅದನ್ನು ನೀರಿಗೆ ಇಳಿಸಬೇಕಾದರೆ ಯಾರಾದರೂ ಜೀವದ ಹಂಗು ತೊರೆದು ಅದರಡಿಗೆ ಹೋಗಬೇಕಿತ್ತು. ಅವನು ತನ್ನ ಮಕ್ಕಳನ್ನು ಕರೆದ, ಅವರು ಒಲ್ಲೆವೆಂದರು. ಅಕ್ಕತಂಗಿಯರ ಮಕ್ಕಳನ್ನು ಕರೆದ, ಅವರು ಬಂದು ಹೆಗಲು ಕೊಟ್ಟರು, ಹಡಗು ತೇಲಿತು. ಅಂದಿನಿಂದ ಆಸ್ತಿ ಮಕ್ಕಳಿಗಲ್ಲ, ಸೋದರಳಿಯಂದಿರಿಗೆ ಎಂದು ಕಟ್ಟಳೆಯಾಯಿತು.

ದಕ್ಷಿಣ ಕನ್ನಡದವರಿಗೆ ಇದನ್ನು ಕೇಳಿದರೆ ಮೈ ಜುಮ್ಮೆನ್ನಬೇಕು. ಬಾರ್ಕೂರಿನ ಭೂತಾಳಪಾಂಡ್ಯನ ಕತೆ ಗೊತ್ತಿಲ್ಲದ ಹಿರಿಯರು ಇಲ್ಲಿ ಕಡಿಮೆ. ದೇವಪಾಂಡ್ಯ ಹಡಗುಗಳನ್ನು ಕಟ್ಟಿಸಿ ಸರಕು ತುಂಬಿಸಿದ. ಕುಂಡೋದರನೆಂಬ ಭೂತರಾಜ ಅಡ್ಡ ನಿಂತು ನರಬಲಿ ಕೇಳಿದ. ದೇವಪಾಂಡ್ಯನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪದೆ ತವರಿಗೆ ನಡೆದಳು. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಹುಡುಗನ ಲಕ್ಷಣ ನೋಡಿ ಮೆಚ್ಚಿದ ಕುಂಡೋದರ ಬಲಿಯನ್ನು ಬಿಟ್ಟುಕೊಟ್ಟು, ಭೂತಾಳಪಾಂಡ್ಯನೆಂದು ಹೆಸರಿಟ್ಟು, ಪಟ್ಟ ಕಟ್ಟಿಸಿದ. ಆ ಅರಸನೇ ಮಕ್ಕಳ ಸಂತಾನವನ್ನು ನಿಲ್ಲಿಸಿ ಅಳಿಯ ಸಂತಾನವನ್ನು ಜಾರಿಗೆ ತಂದನಂತೆ. ಇದೆಲ್ಲ ನಡೆದದ್ದು ಶಾಲಿವಾಹನ ಶಕದ ಆರಂಭದಲ್ಲಿ ಎಂದು ಕತೆಯ ಲೆಕ್ಕ.

ನಡುವೆ ಹಿಂದೂ ಮಹಾಸಾಗರವೇ ಇದೆ. ಆ ಜನ ಮುಸಲ್ಮಾನರು, ಇಲ್ಲಿಯವರು ದೈವ-ನಾಗಗಳನ್ನು ನಂಬಿದ ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು ಮತ್ತು ತುಳುನಾಡಿನ ಜೈನರು. ಆದರೂ ಅದೇ ಹಡಗು, ಅದೇ ಹಿಂಜರಿದ ಮಗ, ಅದೇ ಮುಂದೆ ಬಂದ ಅಳಿಯ. ಒಬ್ಬರಿಂದ ಒಬ್ಬರು ಕತೆ ಕಲಿತರು ಎನ್ನಲು ನನಗೆ ಮನಸ್ಸಿಲ್ಲ. ಎರಡು ದಡಗಳಲ್ಲೂ ತಾಯಿಯ ಮನೆಯನ್ನು ನಂಬಿದ ಕುಟುಂಬಗಳಿದ್ದವು, ಎರಡು ದಡಗಳಲ್ಲೂ ಕಡಲ ವ್ಯಾಪಾರವಿತ್ತು. ಹೊರಗಿನವರು ಬಂದು ‘ಮಗನಿಗೆ ಏಕೆ ಕೊಡುವುದಿಲ್ಲ?’ ಎಂದು ಕೇಳಿದಾಗ ಎರಡು ಕಡೆಯವರೂ ಕೈಗೆ ಸಿಕ್ಕಿದ ಹಡಗನ್ನು ಮುಂದಿಟ್ಟರು ಎಂದು ನನ್ನ ಎಣಿಕೆ. ಈ ಕತೆಗಳ ಒಳಗೇ ಒಂದು ಗುರುತು ಇದೆ. ಎರಡೂ ಕತೆಗಳು ಮೊದಲು ಮಕ್ಕಳಿಗೇ ಆಸ್ತಿ ಹೋಗುತ್ತಿತ್ತು ಎಂದು ಹಿಡಿದುಕೊಂಡೇ ಹೊರಡುತ್ತವೆ. ತಾಯಿಯ ಮನೆಯೊಳಗೆ ಹುಟ್ಟಿ ಬೆಳೆದವರಿಗೆ ಆ ಅನುಮಾನ ಬರುವುದೇ ಇಲ್ಲ. ಅದು ಮಕ್ಕಳಕಟ್ಟಿನವರ ಪ್ರಶ್ನೆ, ಕತೆ ಅದಕ್ಕೆ ಕೊಟ್ಟ ಉತ್ತರ.

ಹಾಗಾದರೆ ಆ ಮನೆಯನ್ನು ಕಂಡವರು ಯಾರು, ಹೇಗೆ ಕಂಡರು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡ್ಡ-ಬೈಲುಗಳ ನಡುವೆ ಈ ಹುಡುಕಾಟದ ದೊಡ್ಡ ಪಾಲು ನಡೆದಿದೆ. ಅದನ್ನು ಹೇಳುವ ಮೊದಲು ಮನೆಯ ಪರಿಚಯ ಆಗಬೇಕು.

ಗುತ್ತು, ಬರ್ಕೆ, ಬೀಡು ಎಂದು ಕರೆಯುವ ದೊಡ್ಡ ಮನೆ. ಮುಂದೆ ಚಾವಡಿ, ಚಾವಡಿಯಲ್ಲಿ ದೈವದ ಮಂಚ ಅಥವಾ ಉಯ್ಯಾಲೆ, ಹಿಂದೆ ನಾಗಬನ, ಸುತ್ತ ಗದ್ದೆ. ಇದರಲ್ಲಿ ಹಕ್ಕಿದ್ದುದು ಒಬ್ಬ ಮೂಲ ತಾಯಿಯಿಂದ ಹೆಣ್ಣಿನ ದಾರಿಯಲ್ಲಿ ಇಳಿದುಬಂದ ಎಲ್ಲರಿಗೆ. ಇಡೀ ಬಳಗ ಕುಟುಂಬ, ಅದರೊಳಗೆ ಒಬ್ಬೊಬ್ಬ ತಾಯಿಯ ಕವಲು ಒಂದೊಂದು ಕವರು. ಗಂಡಸಿಗೂ ಹಕ್ಕಿತ್ತು, ಅವನ ಮಕ್ಕಳಿಗೆ ಇರಲಿಲ್ಲ. ಆ ಮಕ್ಕಳು ತಮ್ಮ ತಾಯಿಯ ಕುಟುಂಬದವರು. ಹೆಣ್ಣು ಮದುವೆಯಾಗಿ ಗಂಡನ ಮನೆಯಲ್ಲಿ ಬಾಳಿದರೂ ಅಲ್ಲಿ ಸೇರಿಹೋಗುತ್ತಿರಲಿಲ್ಲ. ಗಂಡ ತೀರಿಕೊಂಡರೆ ತನ್ನ ಮನೆಗೆ ಮರಳುವುದು ವಾಡಿಕೆಯಾಗಿತ್ತು, ಅಲ್ಲಿ ಅವಳು ಅತಿಥಿಯಲ್ಲ, ಒಡತಿ. ಕುಟುಂಬದ ಹಿರಿತನ ಗಂಡಿಗೇ ಎಂದೂ ಇರಲಿಲ್ಲ. ವಯಸ್ಸಿನಲ್ಲಿ ಹಿರಿಯಳಾದ ಹೆಂಗಸು ಯಜಮಾನ್ತಿಯಾಗಬಹುದಿತ್ತು. ಮಲಬಾರಿನ ತರವಾಡಿನಲ್ಲಿ ಹಿರಿಯ ಗಂಡಸೇ ಕಾರಣವನ್ ಆಗಬೇಕಿದ್ದುದನ್ನು ನೆನೆದರೆ ಇದು ಸಣ್ಣ ವ್ಯತ್ಯಾಸವಲ್ಲ. ಮಗುವಿಗೆ ತಂದೆ ಪ್ರೀತಿಯವನು, ತಮ್ಮಲೆ, ಅಂದರೆ ಸೋದರಮಾವ, ಅಧಿಕಾರದವನು. ಕೋಟಿ-ಚೆನ್ನಯರ ಪಾಡ್ದನದಲ್ಲಿ, ಅಂದರೆ ತುಳು ಹಾಡುಗತೆಯಲ್ಲಿ, ತಾಯಿ ದೇಯಿ ಬೈದೆತಿ ತೀರಿಹೋದ ಮೇಲೆ ಅವಳಿ ಮಕ್ಕಳನ್ನು ಬೆಳೆಸುವವನು ಮಾವ ಸಾಯನ ಬೈದ್ಯ. ಕೇಳುವ ಯಾರಿಗೂ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ಈ ಮನೆಯ ಒಂದು ಸಾಕ್ಷಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಕಲ್ಲಿನ ಮೇಲೆಯೇ ಇದೆ. 1604ರಲ್ಲಿ ಅಜಿಲ ಅರಸ ತಿಮ್ಮರಾಜ ಅಲ್ಲಿ ಮೂವತ್ತೈದು ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ. ಶಾಸನದಲ್ಲಿ ಅವನ ಪರಿಚಯ ಬರುವುದು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ ಎಂದು. ಮಾವ, ತಾಯಿ, ಅಣ್ಣ. ಇಷ್ಟೇ ಸಾಕಿತ್ತು ಒಬ್ಬ ಅರಸ ಯಾರೆಂದು ಲೋಕಕ್ಕೆ ಹೇಳಲು. ವೇಣೂರಿಗೆ ಹೋದವರು ಗೊಮ್ಮಟನ ಮುಖ ನೋಡಿ ಬರುತ್ತಾರೆ. ಆ ಬರಹದ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಆಸೆ. ಅಲ್ಲಿ ಯಾವ ಕಟ್ಟಳೆಯನ್ನೂ ಕೆತ್ತಿಲ್ಲ, ಭೂತಾಳಪಾಂಡ್ಯನ ಹೆಸರನ್ನು ಕರೆದಿಲ್ಲ. ಹಾಗೆ ಬಾಳುತ್ತಿದ್ದವರು ಹಾಗೆ ಬರೆಸಿದರು, ಅಷ್ಟೇ.

ಮೂಡುಬಿದಿರೆಯ ಚೌಟರೂ, ಬಂಗಾಡಿ-ನಂದಾವರಗಳ ಬಂಗರೂ ಇದೇ ಕಟ್ಟಿನವರು. ಚೌಟರ ಮನೆತನದ ಉಳ್ಳಾಲದ ರಾಣಿಯನ್ನು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಕಂಡ. ಅರಮನೆಯ ಸಿಂಹಾಸನದ ಮೇಲೆ ಕುಳಿತವಳನ್ನು ಕಾಣಬಹುದೆಂದು ಬಂದವನಿಗೆ, ಬರಿಗಾಲಲ್ಲಿ ನಡೆದು ಗದ್ದೆಗೆ ನೀರು ಹರಿಸುವ ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸು ಎದುರಾದಳು. ಬಂಗ ಅರಸನ ಹೆಂಡತಿಯಾಗಿದ್ದು ಆ ಸಂಬಂಧವನ್ನು ಬಿಟ್ಟು, ತನ್ನ ಸೀಮೆಯನ್ನು ತಾನೇ ಆಳಿದವಳು ಅವಳು. ಗಂಡನನ್ನು ಬಿಟ್ಟ ಹೆಣ್ಣಿಗೆ ನೆಲ ಕುಸಿಯಲಿಲ್ಲ, ನೆಲವೇ ಅವಳದಾಗಿತ್ತು. ದೆಲ್ಲ ವಾಲೆ ಅಚ್ಚರಿಪಟ್ಟು ಇದನ್ನೆಲ್ಲ ತನ್ನ ಕಾಗದಗಳಲ್ಲಿ ಬರೆದಿಟ್ಟ. ಅವನ ಕಣ್ಣು ಚೆನ್ನಾಗಿತ್ತು, ಮನೆಯೊಳಗೆ ಹೋಗಲು ಮಾತ್ರ ಅವನಿಗೆ ಹೊತ್ತಿರಲಿಲ್ಲ.

ಟಿಪ್ಪು ಬಿದ್ದು ಎರಡು ವರ್ಷವೂ ಆಗಿರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಕಂಪನಿ ಸರಕಾರದ ಅಪ್ಪಣೆಯಂತೆ ಹೊಸ ಸೀಮೆಯನ್ನು ಅಳೆಯುತ್ತ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಹಾದು ಹೋದ. ಬೆಳೆ, ಗೇಣಿ, ಮಣ್ಣು, ಕೂಲಿ ಎಲ್ಲವನ್ನೂ ಕೇಳಿ ಬರೆದುಕೊಂಡ. ಬಂಟರಲ್ಲಿ ಅಕ್ಕತಂಗಿಯರ ಮಕ್ಕಳೇ ವಾರಸುದಾರರು ಎಂಬುದೂ ಆ ಪಟ್ಟಿಯಲ್ಲಿ ಸೇರಿತು. 1807ರಲ್ಲಿ ಪುಸ್ತಕ ಅಚ್ಚಾದ ಮೇಲೆ ಯೂರೋಪಿನ ಓದುಗರಿಗೆ ತುಳುನಾಡಿನ ಅಳಿಯಕಟ್ಟು ಒಂದು ವಿಚಿತ್ರ ಸಂಗತಿಯಾಗಿ ದೊರಕಿತು. ಕಂದಾಯದ ಕಣ್ಣಿಗೆ ಕಂಡದ್ದು ಅಷ್ಟು. ಯಾರ ಹೆಸರಿಗೆ ಪಟ್ಟೆ ಬರೆಯಬೇಕು ಎಂಬುದೇ ಅಧಿಕಾರಿಯ ಚಿಂತೆಯಾಗಿತ್ತು.

ಆಮೇಲೆ ಬಂದದ್ದು ಕೋರ್ಟು. ಇಲ್ಲಿಂದ ಈ ಕತೆಗೆ ಬೇರೆ ತಿರುವು. ಮದ್ರಾಸಿನ ನ್ಯಾಯಾಲಯಕ್ಕೆ ಬಂಟ್ವಾಳದ ಗುತ್ತಿನ ಜಗಳ ಹೋದಾಗ ನ್ಯಾಯಮೂರ್ತಿಗಳಿಗೆ ಆಧಾರ ಗ್ರಂಥವೊಂದು ಬೇಕಿತ್ತು. ಬ್ರಾಹ್ಮಣರಿಗೆ ಮಿತಾಕ್ಷರ ಇತ್ತು, ಇವರಿಗೆ ಏನು? ಆಗ ಕಾಣಿಸಿಕೊಂಡದ್ದು ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಕನ್ನಡ ಬರಹ. ಭೂತಾಳಪಾಂಡ್ಯರಾಯನ ಅಪ್ಪಣೆಗಳ ಸಂಗ್ರಹ ಎಂದು ಅದು ತನ್ನನ್ನು ತಾನೇ ಹೇಳಿಕೊಳ್ಳುತ್ತಿತ್ತು. ಹಡಗಿನ ಕತೆ ಅದರ ಪೀಠಿಕೆ. ಯಾರು ಯಾರಿಗೆ ವಾರಸು, ಯಜಮಾನನ ಅಧಿಕಾರ ಎಲ್ಲಿಯವರೆಗೆ ಎಂಬಂಥ ವಿಷಯಗಳು ಅದರ ಹೊಟ್ಟೆಯೊಳಗೆ. ವಕೀಲರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಎಂಬವರ ನಡುವಿನ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ ಅಳಿಯಸಂತಾನದ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಕೇಳಿದನೆಂದು ಪಾಲು ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮುಂದಿನ ಎಂಬತ್ತಾರು ವರ್ಷ ಈ ಮಾತು ಜಿಲ್ಲೆಯ ಮನೆಮನೆಯನ್ನು ಆಳಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು, ಒಬ್ಬರು ಬೇಡವೆಂದರೂ ಇಲ್ಲ. ಒಳಗೆ ಸಡಿಲವಾಗಿ, ಸಂದರ್ಭ ನೋಡಿ ಬಾಗುತ್ತಿದ್ದ ರೂಢಿ ತೀರ್ಪಿನ ಅಕ್ಷರದಲ್ಲಿ ಗಟ್ಟಿಯಾಯಿತು ಎಂದು ನನಗನ್ನಿಸುತ್ತದೆ. 1883ರಲ್ಲಿ ಕೊರಗ ಎಂಬವನ ಮೊಕದ್ದಮೆ ಇನ್ನೂ ನೋವಿನದು. ಅಳಿಯಕಟ್ಟಿನ ಗಂಡ-ಹೆಂಡಿರ ಬಾಳನ್ನು ದಂಡಸಂಹಿತೆಯ ಕಣ್ಣಿನಲ್ಲಿ ಮದುವೆ ಎನ್ನಬಹುದೇ ಎಂಬ ಪ್ರಶ್ನೆ ಅದೇ ಹೈಕೋರ್ಟಿನ ಮುಂದೆ ನಿಂತಿತು. ಚಪ್ಪರ ಹಾಕಿ, ಧಾರೆ ಎರೆದು, ಊರಿಗೆ ಊಟ ಹಾಕಿದ ಜನ ತಮ್ಮ ಮದುವೆ ಮದುವೆಯೇ ಎಂದು ಸಾಧಿಸಬೇಕಾದ ಕಾಲ ಬಂತು.

ಈ ನಡುವೆ ಕಟ್ಟುಕಟ್ಟಳೆಯನ್ನೇ ಹಿಡಿದು ಪರೀಕ್ಷಿಸಿದವರು ಆರ್ಥರ್ ಕೋಕ್ ಬರ್ನೆಲ್. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ದಕ್ಷಿಣ ಭಾರತದ ಹಳೆಯ ಲಿಪಿಗಳ ಮೇಲೆ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಪುಸ್ತಕ ಹೊರತಂದವರು. ತಾಮ್ರಪಟ, ತಾಳೆಗರಿಗಳ ವಯಸ್ಸನ್ನು ಅಕ್ಷರದ ಬಾಗಿನಲ್ಲಿ ಗುರುತಿಸಬಲ್ಲವರಿಗೆ, ಶಕದ ಮೊದಲ ವರ್ಷಗಳ ಅರಸನ ಬಾಯಲ್ಲಿ ಮೊನ್ನೆಯ ಕನ್ನಡ ಬಂದರೆ ಗೊತ್ತಾಗದೆ ಇರುತ್ತದೆಯೇ? ಅದು ಪ್ರಾಚೀನ ಗ್ರಂಥವಲ್ಲ, ಈಚೆಗೆ ಕಟ್ಟಿದ ಕೂಟಕೃತಿ ಎಂದು ಬರ್ನೆಲ್ ನಿಸ್ಸಂಕೋಚವಾಗಿ ಬರೆದರು. ಅರಸ, ಹಡಗು, ಅಪ್ಪಣೆ ಮೂರನ್ನೂ ಅವರು ಒಂದೇ ಏಟಿಗೆ ಬೀಳಿಸಿದರು. ಆದರೂ ಕತೆ ಸಾಯಲಿಲ್ಲ. 1894ರಲ್ಲಿ ಸ್ಟರಕ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿ ಅದು ಮತ್ತೆ ಬಂತು, ಅಲ್ಲಿಂದ ಥರ್ಸ್ಟನ್ನರ ಜಾತಿ-ಬುಡಕಟ್ಟುಗಳ ಸಂಪುಟಗಳಿಗೆ ಹೋಯಿತು, ಅಲ್ಲಿಂದ ಇವತ್ತಿನ ಭಾಷಣಗಳಿಗೂ ಬಂದಿದೆ.

ಇತಿಹಾಸದವರು ಆಮೇಲೆ ಶಾಸನಗಳ ಕಡೆ ತಿರುಗಿದರು. ಭಾಸ್ಕರ ಆನಂದ ಸಾಲೆತೊರೆಯವರ ತುಳುವ ಇತಿಹಾಸ 1936ರಲ್ಲಿ ಬಂತು, ಪಾದೂರು ಗುರುರಾಜ ಭಟ್ಟರ ದೊಡ್ಡ ಗ್ರಂಥ 1975ರಲ್ಲಿ. ತುಳುನಾಡನ್ನು ಆಳಿದ ಆಳುಪರ ಕಾಲದಲ್ಲಿ ಗುಣಸಾಗರನ ಮಗ ಚಿತ್ರವಾಹನನಂತೆ ತಂದೆಯಿಂದ ಮಗನಿಗೆ ಪಟ್ಟ ಇಳಿದ ನಿದರ್ಶನಗಳಿವೆ. ಶಕದ ಆರಂಭದಲ್ಲೇ ಒಬ್ಬ ಅರಸ ಇಡೀ ನಾಡಿಗೆ ಅಳಿಯಕಟ್ಟು ಹೊರಿಸಿದ್ದರೆ ಏಳು-ಎಂಟನೆಯ ಶತಮಾನದ ಆಳುಪ ಅರಸರು ಅದನ್ನು ಹೇಗೆ ಮೀರುತ್ತಿದ್ದರು? ಅರಮನೆಯ ರೂಢಿ ಬೇರೆ, ಹೊಲಮನೆಯ ರೂಢಿ ಬೇರೆ ಇದ್ದಿರಬಹುದು. ಅರಮನೆಯೇ ಕೊನೆಗೆ ಹೊಲಮನೆಯನ್ನು ಅನುಸರಿಸಿತು ಎಂಬುದು ನನಗೆ ಹೆಚ್ಚು ಸರಿ ಕಾಣುತ್ತದೆ. ಅಜಿಲರ, ಚೌಟರ, ಬಂಗರ ಸಣ್ಣ ಸೀಮೆಗಳು ಎದ್ದದ್ದೇ ಗುತ್ತು-ಬೀಡುಗಳ ನಡುವಿನಿಂದ.

ಸುಮಾತ್ರಾದ ಕಡೆಗೆ ಇಲ್ಲಿ ಮತ್ತೊಮ್ಮೆ ಹೋಗಬೇಕು, ಏಕೆಂದರೆ ಅಲ್ಲಿಯ ಮನೆ ನಮ್ಮದನ್ನು ಅರ್ಥ ಮಾಡಿಸುತ್ತದೆ. ಕೊಂಬಿನ ಹಾಗೆ ಮೇಲೆದ್ದ ಸೂರಿನ ರುಮಾಹ್ ಗದಾಂಗ್ ಎಂಬ ಉದ್ದನೆಯ ಮನೆಯಲ್ಲಿ ತಾಯಿ, ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಸಾಲಾದ ಕೋಣೆಗಳಲ್ಲಿ ಬಾಳುತ್ತಿದ್ದರು. ಗಂಡ ಇರುಳಿಗೆ ಬರುವ ಅತಿಥಿಯಾಗಿದ್ದ. ಹುಡುಗರು ದೊಡ್ಡವರಾದಂತೆ ಊರಿನ ಪ್ರಾರ್ಥನಾಮನೆಯಲ್ಲಿ ಮಲಗುತ್ತಿದ್ದರು, ಆಮೇಲೆ ದೂರದೇಶಕ್ಕೆ ದುಡಿಯಲು ಹೊರಡುತ್ತಿದ್ದರು. ಕುಲಕ್ಕೆ ಸುಕು ಎನ್ನುತ್ತಾರೆ, ಒಂದೇ ಸುಕುವಿನೊಳಗೆ ಮದುವೆಯಿಲ್ಲ. ತಲೆತಲಾಂತರದ ಆಸ್ತಿಯನ್ನು ಮಾರುವಂತಿಲ್ಲ, ಅದನ್ನು ನೋಡಿಕೊಳ್ಳುವವನು ಮಾಮಾಕ್ ಎಂಬ ಸೋದರಮಾವ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ, ಅಲ್ಲಿ ಹೋಗುವುದಿಲ್ಲ. ಇದೊಂದು ದೊಡ್ಡ ಭೇದ. ಉಳಿದದ್ದರಲ್ಲಿ ಒಂದು ಮನೆಯ ನಕ್ಷೆಯನ್ನು ಇನ್ನೊಂದರ ಮೇಲೆ ಇಡಬಹುದು. ಮುಂಬಯಿಗೆ ಹೋಗಿ ಹೋಟೆಲು ಕಟ್ಟಿ ದುಡ್ಡನ್ನು ಅಕ್ಕನ ಮನೆಗೆ ಕಳಿಸಿದ ನಮ್ಮ ಹಿಂದಿನ ತಲೆಮಾರಿನ ಗಂಡಸರು ಮಿನಾಂಗ್‌ಕಬಾವಿನವರಿಗೆ ನೆಂಟರಂತೆ ಕಂಡಾರು. ಅಲ್ಲಿಯೂ ಡಚ್ ವಿದ್ವಾಂಸರು ಇದೇ ಬಗೆಯ ಹುಡುಕಾಟ ನಡೆಸಿದರು. ಪಿ.ಇ. ದ ಯೊಸೆಲಿನ್ ದ ಯೋಂಗ್ 1951ರಲ್ಲಿ ಸುಮಾತ್ರಾವನ್ನೂ ಮಲಯದ ನೆಗ್ರಿ ಸೆಂಬಿಲಾನ್ ಸೀಮೆಯನ್ನೂ ಒಟ್ಟಿಗೆ ಇಟ್ಟು ಬರೆದ ಗ್ರಂಥ ಇವತ್ತಿಗೂ ಓದಲು ಯೋಗ್ಯ.

ತಾಯಿಯ ಮನೆಯನ್ನು ನಾನು ಹೊಗಳುತ್ತಿದ್ದೇನೆ, ಆದರೆ ಅದರ ಬಿಸಿಯನ್ನು ಮುಚ್ಚಿಡಬಾರದು. ಯಜಮಾನ ಬದುಕಿರುವಷ್ಟು ದಿನ ಅವನ ಹೆಂಡತಿ-ಮಕ್ಕಳು ಗುತ್ತಿನಲ್ಲಿ ಉಂಡುಟ್ಟು ಬಾಳಿ, ಅವನು ಕಣ್ಣು ಮುಚ್ಚಿದ ಕೂಡಲೇ ಗಂಟುಮೂಟೆ ಕಟ್ಟಬೇಕಾದ ಸಂದರ್ಭಗಳು ಎಷ್ಟೋ. ಮಗ ಅಪ್ಪನ ಗದ್ದೆಯಲ್ಲಿ ಬೆವರು ಸುರಿಸಿದರೂ ಅದು ಅತ್ತೆಯ ಮಕ್ಕಳಿಗೆ. ಹೆಣ್ಣಿನ ಹೆಸರಿನ ಆಸ್ತಿ ಗಂಡಸಿನ ಕೈಯಲ್ಲಿ, ಬಾಯಿ ತೆರೆಯಲು ಅವಳಿಗೆ ಅಳುಕು. ಅಪ್ಪಂದಿರು ಮಕ್ಕಳಿಗೆ ಗುಟ್ಟಾಗಿ ದಾನಪತ್ರ ಬರೆಯುವುದು, ಅಳಿಯಂದಿರು ಅದನ್ನು ಕೋರ್ಟಿಗೆ ಎಳೆಯುವುದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಿಲ್ಲೆಯ ನಿತ್ಯದ ಸುದ್ದಿಯಾಗಿತ್ತು.

ಅದಕ್ಕೆ ಉತ್ತರವಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಪಾಲು ಕೇಳುವ ಹಕ್ಕು ಮೊದಲ ಬಾರಿಗೆ ಕವರುಗಳಿಗೆ ಸಿಕ್ಕಿತು. ಮನೆಯ ಮಾತುಗಳಾದ ಕುಟುಂಬ, ಕವರು ಎಂಬವು ಕಾನೂನಿನ ವ್ಯಾಖ್ಯೆಗಳಾದವು. ಅದರಲ್ಲಿ ಒಂದು ವ್ಯಾಖ್ಯೆ ಓದಿದಾಗಲೆಲ್ಲ ನನಗೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇದ್ದರೆ ನಿಸ್ಸಂತತಿ ಕವರಿಗೆ ಸಿಗುವ ಪಾಲು ಬದುಕಿರುವವರೆಗೆ ಮಾತ್ರ, ಆಮೇಲೆ ಅದು ಮತ್ತೆ ಹೆಣ್ಣುಸಂತಾನ ಇರುವ ಕಡೆಗೇ ಹರಿಯಬೇಕು. ಒಂದು ಇಡೀ ಮನೆಯ ನಾಳೆ ಒಬ್ಬ ಹೆಣ್ಣಿನ ವಯಸ್ಸಿನಲ್ಲಿ ನಿಂತಿತ್ತು. ಇಷ್ಟು ನಿಖರವಾಗಿ ಈ ಕಟ್ಟಿನ ಹೃದಯವನ್ನು ಭೂತಾಳಪಾಂಡ್ಯನ ಹೆಸರಿನ ಪುಸ್ತಕವೂ ಹಿಡಿದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಒಬ್ಬೊಬ್ಬರ ಪಾಲು ಅವರವರ ಗಂಡ, ಹೆಂಡತಿ, ಮಕ್ಕಳಿಗೆ ಇಳಿಯುವ ದಾರಿ ತೆರೆಯಿತು. 1974ರ ಭೂಸುಧಾರಣೆಯಲ್ಲಿ ಗದ್ದೆ ಗೇಣಿದಾರರದಾಯಿತು. ಅದು ನ್ಯಾಯವೇ. ಗುತ್ತಿನ ಮನೆಗಳಿಗೆ ಉಳಿದದ್ದು ಹೆಚ್ಚಾಗಿ ಚಾವಡಿ ಮತ್ತು ಹೆಸರು.

ಇಷ್ಟರಲ್ಲಿ ಯಾರೂ ಆ ಮನೆಯ ಹೆಂಗಸರನ್ನು ಕೇಳಿರಲಿಲ್ಲ. ಪ್ರವಾಸಿ ರಾಣಿಯನ್ನು ಕಂಡ, ವೈದ್ಯ ಪಟ್ಟೆದಾರನನ್ನು ಕೇಳಿದ, ನ್ಯಾಯಾಧೀಶ ವಕೀಲನನ್ನು ಕೇಳಿದ. ಕೇಳಿದವರು ಬಂದದ್ದು ತಡವಾಗಿ, ಮತ್ತು ಅವರು ಕಾನೂನು ಹುಡುಕಿಕೊಂಡು ಬಂದವರಲ್ಲ. 1967ರ ಸುಮಾರಿಗೆ ತುಳುನಾಡಿಗೆ ಬಂದ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಮೊದಲು ಬಾಂಧವ್ಯದ ಪದಗಳನ್ನೂ ಬಂಟರ ಮನೆತನವನ್ನೂ ಓದಿದರು, ಆಮೇಲೆ ಸಿರಿಜಾತ್ರೆಯ ಮುಂದೆ ನಿಂತರು. 1975ರಲ್ಲಿ ಅವರು ಸಿರಿಯ ಪುರಾಣ ಮತ್ತು ಆರಾಧನೆಯ ಕುರಿತು ಬರೆದ ಲೇಖನದಿಂದ ಹೊರಲೋಕಕ್ಕೆ ಈ ಹೆಸರು ತಿಳಿಯಿತು.

ಸಿರಿಯ ಕತೆ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ ತುಂಡುತುಂಡಾಗಿ ಹರಿಯುವ ಪಾಡ್ದನ. ಅದನ್ನು ಇಡಿಯಾಗಿ ಹಾಡಬಲ್ಲವರು ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿ, ಮಾಚಾರಿನಲ್ಲಿದ್ದರು. ಗೋಪಾಲ ನಾಯ್ಕರು, ಬೇಸಾಯಗಾರರು, ಸಿರಿ ಆರಾಧನೆಯ ಬಳಗವನ್ನು ಮುನ್ನಡೆಸುತ್ತಿದ್ದವರು. ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅನೇಲಿ ಹೊಂಕೊ ಜತೆ ಸೇರಿ ಅವರ ಹಾಡನ್ನು ದಾಖಲಿಸಲು ಹೊರಟರು. ಮೊದಲು ನಾಯ್ಕರು ಹೇಳುತ್ತ ಹೋದದ್ದನ್ನು ಬರೆದುಕೊಂಡಿದ್ದರು. 1990ರ ಡಿಸೆಂಬರಿನಲ್ಲಿ ಅವರು ದಿನಗಟ್ಟಲೆ ಹಾಡಿದಾಗ ಕತೆ ಹೆಚ್ಚುಕಡಿಮೆ ಇಮ್ಮಡಿಯಾಗಿ ಬೆಳೆಯಿತು. ಎಣಿಸಿದಾಗ 15,683 ಸಾಲು. ಗ್ರೀಕರ ಇಲಿಯಡ್ ಇರುವುದು ಸುಮಾರು ಅಷ್ಟೇ. ಮೂಲ ತುಳು ಮತ್ತು ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಹೆಲ್ಸಿಂಕಿಯಿಂದ ಅದು ಎರಡು ಸಂಪುಟಗಳಲ್ಲಿ ಹೊರಬಂತು. ಅದನ್ನು ಹೇಗೆ ಅಕ್ಷರಕ್ಕೆ ಇಳಿಸಿದರು ಎಂಬುದಕ್ಕೆ ಹೊಂಕೊ ಇನ್ನೊಂದು ದಪ್ಪ ಪುಸ್ತಕವನ್ನೇ ಬರೆದರು.

ಕತೆ ಏನು? ಸತ್ಯನಾಪುರದ ಬೆರ್ಮ ಆಳ್ವ ಮಕ್ಕಳಿಲ್ಲದ ಮುದುಕ. ದೇವರ ಪ್ರಸಾದವಾಗಿ, ಹಿಂಗಾರ ಮತ್ತು ಗಂಧದಿಂದ ಅವನಿಗೆ ಸಿರಿ ಸಿಗುತ್ತಾಳೆ. ಬಸರೂರಿನ ಕಾಂತು ಪೂಂಜನಿಗೆ ಅವಳನ್ನು ಕೊಡುತ್ತಾರೆ. ಬಯಕೆಯ ಮದುವೆಗೆ ತಂದ ಸೀರೆಯನ್ನು ಅವನು ಮೊದಲು ಸೂಳೆಯ ಮೈಮೇಲೆ ಹಾಕಿಸಿ ತಂದಿದ್ದಾನೆಂದು ಅವಳು ಉಡಲು ಒಪ್ಪುವುದಿಲ್ಲ. ಕುಮಾರ ಹುಟ್ಟುತ್ತಾನೆ. ಅಜ್ಜ ಬೆರ್ಮ ಆಳ್ವ ತೀರಿಕೊಂಡ ಮೇಲೆ ಮನೆಯ ಹಕ್ಕಿನ ಪಂಚಾಯಿತಿಕೆಯಲ್ಲಿ ನ್ಯಾಯ ಅವಳ ಕಡೆ ಬರುವುದಿಲ್ಲ. ಸಿರಿ ಗಂಡನ ಸಂಬಂಧವನ್ನು ತಾನೇ ಹರಿದುಕೊಂಡು, ಕೂಸನ್ನು ಎತ್ತಿಕೊಂಡು, ಕೆಲಸದಾಕೆ ದಾರುವಿನೊಂದಿಗೆ ಹೊರಡುತ್ತಾಳೆ. ಅವಳು ಬಿಟ್ಟ ಅರಮನೆ ಉರಿಯುತ್ತದೆ. ಮುಂದೆ ಕೊಡ್ಸರಾಳ್ವನೊಂದಿಗೆ ಇನ್ನೊಂದು ಮದುವೆ, ಸೊನ್ನೆಯ ಹುಟ್ಟು, ಸಿರಿಯ ಸಾವು. ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗ ಚೆನ್ನೆಮಣೆ ಆಡುತ್ತ ಜಗಳವಾಗಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದ ಹೊಡೆದು, ತಾನೂ ಬಾವಿಗೆ ಹಾರುತ್ತಾಳೆ.

ತಾಯಿ, ಮಗಳು, ಮೊಮ್ಮಕ್ಕಳು. ಮೂರು ತಲೆಮಾರು ಹೆಣ್ಣಿನ ದಾರಿಯಲ್ಲೇ ಕತೆ ನಡೆಯುತ್ತದೆ. ಯಾಕೆ ಹಾಗೆ ಎಂದು ಹದಿನೈದು ಸಾವಿರ ಸಾಲುಗಳಲ್ಲಿ ಯಾರೂ ವಿವರಣೆ ಕೊಡುವುದಿಲ್ಲ, ಹಡಗೂ ಬೇಕಾಗುವುದಿಲ್ಲ. ಮನೆ ಯಾರದು, ಯಾರು ಯಾರನ್ನು ಕೈಬಿಟ್ಟರು, ತವರಿಗೆ ಮರಳಿದವಳಿಗೆ ಬಾಗಿಲು ತೆರೆಯಿತೇ ಎಂಬುದೇ ಅಲ್ಲಿನ ಚಿಂತೆ.

ಬೆಳ್ತಂಗಡಿಯ ನಿಡಿಗಲ್ಲಿನಲ್ಲೂ, ಕವತ್ತಾರು, ಹಿರಿಯಡ್ಕ, ನಂದಳಿಕೆಗಳಲ್ಲೂ ವರ್ಷಕ್ಕೊಮ್ಮೆ ಹುಣ್ಣಿಮೆಯ ಇರುಳು ಸಿರಿಜಾತ್ರೆ ನಡೆಯುತ್ತದೆ. ಬಿಳಿ ಸೀರೆ ಉಟ್ಟು, ಹಿಂಗಾರ ಹಿಡಿದ ಹೆಂಗಸರು ಸಾಲಾಗಿ ನಿಂತು ಆವೇಶಗೊಳ್ಳುತ್ತಾರೆ. ಒಬ್ಬಳಲ್ಲಿ ಸಿರಿ, ಒಬ್ಬಳಲ್ಲಿ ಸೊನ್ನೆ, ಇನ್ನೊಬ್ಬಳಲ್ಲಿ ಅಬ್ಬಗ ಅಥವಾ ದಾರಗ. ಹೊಸದಾಗಿ ಬಂದವಳು ನಡುಗುತ್ತಾಳೆ, ಮಾತು ಹೊರಡುವುದಿಲ್ಲ. ಆಗ ಕುಮಾರನ ಪಾತ್ರಧಾರಿ ಅವಳ ಮುಂದೆ ನಿಂತು, ಕತೆಯ ಸಾಲುಗಳಲ್ಲೇ ಮಾತಾಡಿಸುತ್ತ, ನೀನು ಯಾರು ಎಂದು ಕೇಳುತ್ತಾನೆ. ಅವಳು ಹೆಸರು ಹೇಳುವವರೆಗೆ ಬಿಡುವುದಿಲ್ಲ. ಹೇಳಿದ ಮೇಲೆ ಅವಳು ಆ ಬಳಗದವಳು. ಮನೆಯಲ್ಲಿ ಯಾರೂ ಕಿವಿಗೊಡದ ಸಂಕಟ ಅಲ್ಲಿ ಎಲ್ಲರ ಎದುರು ಹೊರಬರುತ್ತದೆ. ಮನೆಯವರು ಕೈಜೋಡಿಸಿ ನಿಂತು ಕೇಳಬೇಕಾಗುತ್ತದೆ.

ಕುಮಾರ ಯಾರು ಎಂದು ಒಮ್ಮೆ ಯೋಚಿಸಿ. ಸಿರಿಗೆ ಮಗ, ಸೊನ್ನೆಗೆ ಅಣ್ಣ, ಅಬ್ಬಗ-ದಾರಗರಿಗೆ ಸೋದರಮಾವ. ಮೂರು ತಲೆಮಾರಿನ ಹೆಣ್ಣುಗಳ ನಡುವೆ ಒಬ್ಬನೇ ಗಂಡು, ಅವನಿಗೆ ಅಲ್ಲಿ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ. ಯಜಮಾನ ತಮ್ಮಲೆಯ ಜಾಗ ಅದು. ಗುತ್ತಿನ ಚಾವಡಿಯಲ್ಲಿ ಅಪ್ಪಣೆ ಕೊಡುತ್ತಿದ್ದ ಮಾವ ಇಲ್ಲಿ ಸೋದರಸೊಸೆಯ ಮುಂದೆ ನಿಂತು ಅವಳ ಮಾತಿಗಾಗಿ ಕಾಯುತ್ತಾನೆ. ಅಳಿಯಕಟ್ಟು ಎಂಬುದು ಒಳಗಿನಿಂದ ಹೇಗಿತ್ತು, ಹೇಗಿರಬೇಕೆಂದು ಅದರ ಹೆಂಗಸರು ಬಯಸಿದ್ದರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿಯನ್ನು ನಾನು ಕಾಣೆ. ಬರ್ನೆಲ್ ಕಿತ್ತುಹಾಕಿದ ಪುಸ್ತಕದ ಜಾಗದಲ್ಲಿ ಇಡಬಹುದಾದದ್ದು ಏನಾದರೂ ಇದ್ದರೆ ಮಾಚಾರಿನಲ್ಲಿ ಹಾಡಿದ ಈ ಸಾಲುಗಳು. ಬರ್ನೆಲ್‌ಗೂ ಪಾಡ್ದನಗಳ ಮೇಲೆ ಪ್ರೀತಿಯಿತ್ತು. ತುಳುವರ ಭೂತಾರಾಧನೆಯ ಹಾಡುಗಳನ್ನು ಅವರು ಸಂಗ್ರಹಿಸಿದ್ದರು, ಅವರ ಸಾವಿನ ಬಳಿಕ 1894ರಿಂದ ಅವು ಪತ್ರಿಕೆಯೊಂದರಲ್ಲಿ ಅಚ್ಚಾದವು. ಕೋರ್ಟಿನ ಮೇಜಿನ ಮೇಲಿನ ಕಟ್ಟಳೆಯನ್ನು ಸುಳ್ಳೆಂದ ಮನುಷ್ಯನ ಮನೆಯ ಪೆಟ್ಟಿಗೆಯಲ್ಲಿ ಪಾಡ್ದನಗಳೇ ಇದ್ದವು.

ಈಗ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಹಳೆಯ ಗುತ್ತುಗಳು ಮತ್ತೆ ಎದ್ದು ನಿಲ್ಲುತ್ತಿವೆ. ಹೆಂಚು ಬದಲಾಗುತ್ತದೆ, ಮರದ ಕಂಬಕ್ಕೆ ಮೆರುಗು ಬರುತ್ತದೆ, ದೈವದ ನೇಮದ ದಿನ ಮುಂಬಯಿ, ಪುಣೆ, ದುಬೈಗಳಿಂದ ಜನ ಬಂದು ಸೇರುತ್ತಾರೆ. ಗದ್ದೆ ಪಾಲಾದ ಎಷ್ಟೋ ಕುಟುಂಬಗಳಲ್ಲಿ ಚಾವಡಿ, ನಾಗಬನ, ದೈವದ ಭಂಡಾರ ಪಾಲಾಗಲಿಲ್ಲ, ಅವು ಇಂದಿಗೂ ಇಡೀ ಕುಟುಂಬದವು. ನೇಮದ ಖರ್ಚಿಗೆ ಲೆಕ್ಕ ಬರುವುದು ಕವರಿನ ಮೇಲೆ. ಗಡಿ ಹಿಡಿದು ಗುತ್ತಿನ ಯಜಮಾನನಾಗುವವನನ್ನು ಹುಡುಕುವುದು ತಾಯಿಯ ಬಳಗದಲ್ಲಿ. ಮದುವೆಯ ಮಾತು ಬಂದಾಗ ಹಿರಿಯರು ಮೊದಲು ಕೇಳುವುದು ಹುಡುಗ-ಹುಡುಗಿಯ ಬರಿ, ಅಂದರೆ ತಾಯಿಯ ದಾರಿಯಲ್ಲಿ ಬರುವ ಕುಲ, ಯಾವುದೆಂದು. ಒಂದೇ ಬರಿಯಾದರೆ ಅವರು ಒಡಹುಟ್ಟಿದವರ ಲೆಕ್ಕ, ಮಾತು ಅಲ್ಲಿಗೇ ಮುಗಿಯಿತು. ಇಂದಿನ ಮಗುವಿಗೆ ಆಸ್ತಿ ಅಪ್ಪನಿಂದಲೂ ಬರುತ್ತದೆ, ಹೆಸರಿನ ಕೊನೆಯ ಪದವೂ ಹೆಚ್ಚಾಗಿ ಅಪ್ಪನದೇ. ಬರಿ ಮಾತ್ರ ತಾಯಿಯದು. 1949ರ ಕಾಯ್ದೆಯಾಗಲಿ 1956ರದ್ದಾಗಲಿ ಅದನ್ನು ಬದಲಿಸಲಿಲ್ಲ.